‘ಮೈಸೆಲ್ಫ್’ ಎಂದು ಶುರುವಾಗುವ ಮೇಲ್

ಮೈಸೂರಿನ ರಾಜೀವನಗರದ ಅಲ್ ಬದರ್ ಸರ್ಕಲ್ ಆಸುಪಾಸಿನಲ್ಲಿ ಓಡಾಡಿದವರಿಗೆ ಗೊತ್ತು, ಅಲ್ಲಿ ಒಂದೇ ಮಾತುಕತೆಯಲ್ಲಿ ಎರಡು ಮೂರು ಭಾಷೆ ಸಲೀಸಾಗಿ ಬಂದುಹೋಗುತ್ತವೆ. ಮನೆಯೊಳಗೆ ದಖನಿ ಉರ್ದು, ತರಕಾರಿ ಗಾಡಿಯ ಹತ್ತಿರ ಕನ್ನಡ, ಮಕ್ಕಳ ಬ್ಯಾಗಿನಲ್ಲಿ ಇಂಗ್ಲಿಷ್ ಪುಸ್ತಕ. ಹೀಗೆ ಬೆಳೆದ ಹುಡುಗ ಹುಡುಗಿಯರು ಡಿಗ್ರಿ ಮುಗಿಸಿ, ರಿಂಗ್ ರಸ್ತೆ ಹಿಡಿದು ಹೋದರೆ ಸಿಗುವ ಹೆಬ್ಬಾಳ, ಹೂಟಗಳ್ಳಿಯ ಕಡೆಯ ಕಂಪನಿಗಳಿಗೆ ಕೆಲಸ ಕೇಳಿ ಮೇಲ್ ಹಾಕುತ್ತಾರೆ. ಮೊಬೈಲಿನಲ್ಲೇ ಹಾಕುವವರಿದ್ದಾರೆ, ಜೆರಾಕ್ಸ್ ಅಂಗಡಿಯ ಕಂಪ್ಯೂಟರ್ ಮುಂದೆ ಕೂತು ಹಾಕಿಸುವವರೂ ಇದ್ದಾರೆ. ಆ ಮೇಲ್ ಸಾಮಾನ್ಯವಾಗಿ ಹೀಗಿರುತ್ತದೆ:

“ರೆಸ್ಪೆಕ್ಟೆಡ್ ಸರ್, ಮೈಸೆಲ್ಫ್ ಫ್ರಮ್ ಮೈಸೂರು. ಐ ಆ್ಯಮ್ ಪಾಸ್ಡ್ ಔಟ್ ಇನ್ 2023. ಐ ಆ್ಯಮ್ ಹ್ಯಾವಿಂಗ್ ಗುಡ್ ನಾಲೆಜ್ ಇನ್ ಟ್ಯಾಲಿ. ಐ ಆ್ಯಮ್ ವರ್ಕಿಂಗ್ ಸಿನ್ಸ್ ಟೂ ಇಯರ್ಸ್. ಪ್ಲೀಸ್ ಫೈಂಡ್ ದ ಅಟ್ಯಾಚ್ಡ್ ರೆಸ್ಯೂಮೆ ಆ್ಯಂಡ್ ಡು ದ ನೀಡ್‌ಫುಲ್. ಅವೇಟಿಂಗ್ ಫಾರ್ ಯುವರ್ ಪಾಸಿಟಿವ್ ರಿಪ್ಲೈ.”

ಇದರಲ್ಲಿ ತಪ್ಪು ಎತ್ತಿ ತೋರಿಸುವವರು ಬೇಕಾದಷ್ಟು ಜನ ಇದ್ದಾರೆ. ಆ ತಪ್ಪು ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಕಂಪನಿಗಳ ತರಬೇತಿಯಲ್ಲಿ ಇದಕ್ಕೆ ‘ಎಂಟಿಐ’ ಎನ್ನುತ್ತಾರೆ, ಅಂದರೆ ತಾಯ್ನುಡಿಯ ಪ್ರಭಾವ. ಏನೋ ರೋಗದ ಹೆಸರು ಹೇಳಿದ ಹಾಗೆ ಹೇಳುತ್ತಾರೆ. ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ವಿರುದ್ಧ. ಈ ತಪ್ಪುಗಳು ದಡ್ಡತನದಿಂದ ಆದವಲ್ಲ. ಕನ್ನಡದ ಒಂದು ಸರಿಯಾದ ನಿಯಮ ಇಂಗ್ಲಿಷಿನೊಳಗೆ ಕೆಲಸ ಮಾಡಲು ಹೋಗಿ ಹೀಗಾಗಿದೆ. ತನ್ನ ಭಾಷೆಯ ಆ ನಿಯಮ ಯಾವುದೆಂದು ಗೊತ್ತಾದವರಿಗೆ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ.

‘ಸಿನ್ಸ್ ಟೂ ಇಯರ್ಸ್’ ಎಂಬುದನ್ನೇ ನೋಡಿ. ಕನ್ನಡದಲ್ಲಿ ‘ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಎನ್ನುತ್ತೇವೆ, ‘2023ರಿಂದ ಕೆಲಸ ಮಾಡುತ್ತಿದ್ದೇನೆ’ ಎಂದೂ ಎನ್ನುತ್ತೇವೆ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ತೃತೀಯಾ ವಿಭಕ್ತಿಯ ‘ಇಂದ’ ಎರಡೂ ಕೆಲಸವನ್ನು ಒಂದೇ ರೀತಿ ಮಾಡುತ್ತದೆ. ಇಂಗ್ಲಿಷ್ ಅಲ್ಲಿ ಎರಡು ದಾರಿ ಮಾಡಿಕೊಂಡಿದೆ. ಶುರುವಾದ ದಿನ ಅಥವಾ ವರ್ಷ ಹೇಳಿದರೆ ‘ಸಿನ್ಸ್’, ಎಷ್ಟು ಕಾಲವಾಯಿತು ಎಂದು ಲೆಕ್ಕ ಹೇಳಿದರೆ ‘ಫಾರ್’. ಅದರ ಜೊತೆ ಕ್ರಿಯಾಪದವೂ ಬದಲಾಗಬೇಕು: ‘ಐ ಹ್ಯಾವ್ ಬೀನ್ ವರ್ಕಿಂಗ್ ಫಾರ್ ಟೂ ಇಯರ್ಸ್’. ನಮ್ಮ ‘ಮಾಡುತ್ತಿದ್ದೇನೆ’ ಇವತ್ತಿನ ಕೆಲಸಕ್ಕೂ ಆಗುತ್ತದೆ, ಎರಡು ವರ್ಷದಿಂದ ನಡೆದುಬಂದ ಕೆಲಸಕ್ಕೂ ಆಗುತ್ತದೆ. ಹಾಗಾಗಿ ‘ಆ್ಯಮ್ ವರ್ಕಿಂಗ್’ ಎಂದು ಬರೆದವನ ಕಿವಿಗೆ ಅದರಲ್ಲಿ ಕೊರತೆ ಕೇಳಿಸುವುದೇ ಇಲ್ಲ. ಇದನ್ನು ಮೇಷ್ಟ್ರು ಕನ್ನಡದ ಎರಡು ವಾಕ್ಯ ಪಕ್ಕದಲ್ಲಿಟ್ಟು ಐದು ನಿಮಿಷ ತೋರಿಸಿದರೆ ಮಗು ಜನ್ಮದಲ್ಲಿ ಮರೆಯುವುದಿಲ್ಲ. ಬರೀ ‘ಸಿನ್ಸ್ ಅಲ್ಲ, ಫಾರ್’ ಎಂದು ಕೆಂಪು ಶಾಯಿಯಲ್ಲಿ ಗೀಚಿದರೆ ಮುಂದಿನ ವಾರ ಮತ್ತೆ ಅದೇ ಬರುತ್ತದೆ.

‘ಮೈಸೆಲ್ಫ್’ ಕಥೆಯೂ ಹೀಗೇ. ‘ನಾನು ಬಿ.ಕಾಂ. ಪದವೀಧರ’ ಎನ್ನುವಾಗ ಕನ್ನಡಕ್ಕೆ ಕ್ರಿಯಾಪದ ಬೇಡ, ವಾಕ್ಯ ಪೂರ್ತಿಯಾಗಿದೆ. ಇಂಗ್ಲಿಷ್ ವಾಕ್ಯ ‘ಆ್ಯಮ್’ ಇಲ್ಲದೆ ನಿಲ್ಲುವುದಿಲ್ಲ. ‘ಮೈಸೆಲ್ಫ್’ ಆ ಖಾಲಿ ಜಾಗವನ್ನು ತುಂಬಲಾರದು. ‘ಐ ಆ್ಯಮ್’ ಎಂದು ಬರೆದು ಹೆಸರು ಹೇಳಿದರೆ ಮುಗಿಯಿತು. ಇನ್ನು ‘ಹ್ಯಾವಿಂಗ್’. ‘ನನಗೆ ಟ್ಯಾಲಿ ಗೊತ್ತಿದೆ’ ಎಂಬಲ್ಲಿ ಇರುವ ‘ಇದೆ’ಯೇ ‘ಓದುತ್ತಿದ್ದೇನೆ’ ಎಂಬುದರೊಳಗೂ ಅಡಗಿದೆ. ಆದ್ದರಿಂದ ಇರುವುದಕ್ಕೂ ನಡೆಯುತ್ತಿರುವುದಕ್ಕೂ ನಮಗೆ ದೊಡ್ಡ ಅಂತರ ಕಾಣುವುದಿಲ್ಲ. ಇಂಗ್ಲಿಷಿನಲ್ಲಿ ನಮ್ಮ ಬಳಿ ಇರುವುದಕ್ಕೆ, ತಿಳಿದಿರುವುದಕ್ಕೆ, ಬೇಕಾಗಿರುವುದಕ್ಕೆ ‘ಇಂಗ್’ ಹಚ್ಚುವುದಿಲ್ಲ. ‘ಐ ಹ್ಯಾವ್’, ‘ಐ ನೋ’, ‘ಐ ವಾಂಟ್’ ಅಷ್ಟೇ ಸಾಕು. ‘ಅವೇಟಿಂಗ್ ಫಾರ್’ ಎಂಬುದರಲ್ಲಿ ‘ಫಾರ್’ ಹೆಚ್ಚಾಯಿತು. ‘ಡಿಸ್ಕಸ್ ಅಬೌಟ್’ ಎಂಬುದರಲ್ಲಿ ‘ಅಬೌಟ್’ ಹೆಚ್ಚಾಯಿತು, ಅದು ನಮ್ಮ ‘ಬಗ್ಗೆ ಚರ್ಚಿಸು’ ಎಂಬುದರಿಂದ ಬಂದ ‘ಬಗ್ಗೆ’. ‘ರಿವರ್ಟ್ ಬ್ಯಾಕ್’ ಬದಲು ‘ರಿಪ್ಲೈ’ ಎಂದರೆ ಜಗತ್ತಿಗೆಲ್ಲ ಅರ್ಥವಾಗುತ್ತದೆ. ‘ಫೈವ್ ಬುಕ್’ ಎಂದು ಬರೆಯುವ ಮಗು ‘ಐದು ಪುಸ್ತಕ’ ಎಂಬ ಒಳ್ಳೆಯ ಕನ್ನಡವನ್ನೇ ಬರೆದಿದೆ. ಸಂಖ್ಯೆ ಹೇಳಿದ ಮೇಲೆ ನಮ್ಮಲ್ಲಿ ‘ಗಳು’ ಬೇಕೇ ಬೇಕು ಎಂದಿಲ್ಲ, ಇಂಗ್ಲಿಷಿನಲ್ಲಿ ಬೇಕು.

ಇವು ಓದುವವರಿಗೆ ಕಿರಿಕಿರಿ ಮಾಡುತ್ತವೆ, ಅರ್ಥ ಕೆಡಿಸುವುದಿಲ್ಲ. ಅರ್ಥವನ್ನೇ ಕೆಡಿಸುವ ತಪ್ಪುಗಳು ಬೇರೆ ಇವೆ, ನಿಜವಾಗಿ ಎಚ್ಚರ ಬೇಕಾದದ್ದು ಅಲ್ಲಿ. ‘ಫೈಲ್ ಕಳಿಸ್ತೀನಿ ಅಂತ ಹೇಳಿದರು’ ಎಂಬುದನ್ನು ‘ಹೀ ಟೋಲ್ಡ್ ಐ ವಿಲ್ ಸೆಂಡ್ ದ ಫೈಲ್’ ಎಂದು ಬರೆದರೆ, ಓದಿದವರು ಮೇಲ್ ಬರೆದವರೇ ಫೈಲ್ ಕಳಿಸುತ್ತಾರೆ ಎಂದು ಕಾಯುತ್ತಾ ಕೂರುತ್ತಾರೆ. ನಮ್ಮ ‘ಅಂತ’ ಇನ್ನೊಬ್ಬರ ಮಾತನ್ನು ಅವರ ಬಾಯಿಂದ ಬಂದ ಹಾಗೇ ಹಿಡಿದು ಕೊಡುತ್ತದೆ. ಇಂಗ್ಲಿಷ್ ‘ಹೀ ಸೆಡ್ ಹೀ ವುಡ್ ಸೆಂಡ್’ ಎಂದು ತಿರುಗಿಸಿ ಹೇಳುತ್ತದೆ. ‘ಟೋಲ್ಡ್’ ಮತ್ತು ‘ಸೆಡ್’ ತೊಡಕೂ ಇಲ್ಲೇ ಇದೆ: ನಮ್ಮ ‘ಹೇಳು’ ಎರಡಕ್ಕೂ ಸಲ್ಲುತ್ತದೆ, ಇಂಗ್ಲಿಷಿನ ‘ಟೋಲ್ಡ್’ ಮುಂದೆ ಯಾರಿಗೆ ಹೇಳಿದ್ದೆಂದು ಬರಬೇಕು. ರಾಜೀವನಗರದಲ್ಲಿ ಈ ತಪ್ಪಿಗೆ ಎರಡು ಕಡೆಯಿಂದ ಬಲ ಬರುತ್ತದೆ. ದಖನಿಯವರು ‘ಆತೌಂ ಬೋಲ್ಕೆ ಬೋಲ್ಯಾ’ ಎನ್ನುತ್ತಾರೆ. ಆ ‘ಬೋಲ್ಕೆ’ ದಕ್ಷಿಣದ ಭಾಷೆಗಳ ಸಹವಾಸದಲ್ಲಿ ಉರ್ದುವಿಗೆ ಬಂದದ್ದು, ನಮ್ಮ ‘ಅಂತ’ದ ಒಡಹುಟ್ಟು. ಹಾಗೆಯೇ ‘ಇವತ್ತೇ’ ಎಂಬ ಕನ್ನಡದ ಏಕಾರಕ್ಕೆ ದಖನಿಯಲ್ಲಿ ‘ಆಜಿಚ್’ ಎಂಬ ಜೋಡಿ ಇದೆ. ಎರಡೂ ಸೇರಿ ಇಂಗ್ಲಿಷಿನಲ್ಲಿ ‘ಟುಡೇ ಇಟ್‌ಸೆಲ್ಫ್’, ‘ಐ ಆ್ಯಮ್ ಇನ್ ಮೈಸೂರು ಓನ್ಲಿ’ ಆಗುತ್ತವೆ. ಒಂದೇ ಬೆಂಚಿನ ಇಬ್ಬರು ಮಕ್ಕಳು, ಬೇರೆ ಬೇರೆ ಮನೆಮಾತಿನಿಂದ ಹೊರಟು, ಒಂದೇ ಇಂಗ್ಲಿಷ್ ವಾಕ್ಯಕ್ಕೆ ಬಂದು ಸೇರುತ್ತಾರೆ. ಭಾಷೆ ಕಲಿಸುವವರಿಗೆ ಇದಕ್ಕಿಂತ ಸೊಗಸಾದ ಪಾಠ ಬೇಕೇ?

ಕಾಲದ ವಿಷಯದಲ್ಲೂ ಜಾಗ್ರತೆ ಬೇಕು. ‘ನಿನ್ನೆ ಮೇಲ್ ಕಳಿಸಿದ್ದೆ’ ಎಂದು ನಾವು ಸಹಜವಾಗಿ ಹೇಳುತ್ತೇವೆ. ಅದನ್ನು ‘ಐ ಹ್ಯಾಡ್ ಸೆಂಟ್’ ಎಂದು ಬರೆದರೆ ಇಂಗ್ಲಿಷ್ ಓದುಗ, ಅದಾದ ಮೇಲೆ ಏನೋ ಆಗಿರಬೇಕು ಎಂದು ಮುಂದಿನ ಮಾತಿಗೆ ಕಾಯುತ್ತಾನೆ. ‘ಐ ಸೆಂಟ್ ದ ಮೇಲ್ ಯೆಸ್ಟರ್‌ಡೇ’ ಸಾಕು. ‘ಐ ಹ್ಯಾವ್ ಎ ಡೌಟ್’ ಎಂಬುದೂ ಇಂಥದ್ದೇ. ನಮ್ಮ ಕ್ಲಾಸಿನಲ್ಲಿ ಡೌಟು ಎಂದರೆ ಪ್ರಶ್ನೆ, ತಿಳಿದುಕೊಳ್ಳುವ ಆಸೆ. ಹೊರದೇಶದ ಗ್ರಾಹಕನಿಗೆ ‘ನಿಮ್ಮ ದಾಖಲೆಯಲ್ಲಿ ನನಗೆ ಡೌಟ್ ಇದೆ’ ಎಂದು ಬರೆದರೆ, ತನ್ನ ಮೇಲೆ ಅನುಮಾನ ಪಡುತ್ತಿದ್ದಾರೆ ಎಂದು ಅವನಿಗೆ ಅನ್ನಿಸುತ್ತದೆ. ‘ಕ್ವೆಶ್ಚನ್’ ಎಂದು ಬರೆಯಿರಿ. ತಾರೀಖನ್ನು 05/06 ಎಂದು ಬರೆದರೆ ನಮಗೆ ಜೂನ್ ಐದು, ಅಮೆರಿಕದವರಿಗೆ ಮೇ ಆರು. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದರೆ ಯಾರಿಗೂ ಗೊಂದಲವಿಲ್ಲ. ಲಕ್ಷ, ಕೋಟಿಗಳೂ ಹೊರಗಿನವರಿಗೆ ತಿಳಿಯುವುದಿಲ್ಲ, ಹತ್ತು ಲಕ್ಷವನ್ನು ಒಂದು ಮಿಲಿಯನ್ ಎನ್ನಬೇಕು.

ವ್ಯಾಕರಣಕ್ಕಿಂತ ಹೆಚ್ಚಾಗಿ ನಮ್ಮವರ ಮೇಲ್‌ಗಳಲ್ಲಿ ಗಮನಿಸಬೇಕಾದದ್ದು ಮರ್ಯಾದೆಯ ಪ್ರಶ್ನೆ. ಇದರ ಬಗ್ಗೆ ಯಾವ ಸ್ಪೋಕನ್ ಇಂಗ್ಲಿಷ್ ಪುಸ್ತಕವೂ ಸರಿಯಾಗಿ ಹೇಳಿದ್ದನ್ನು ನಾನು ನೋಡಿಲ್ಲ. ಕನ್ನಡದಲ್ಲಿ ಗೌರವ ವ್ಯಾಕರಣದೊಳಗೇ ಇದೆ. ‘ಕಳಿಸು’, ‘ಕಳಿಸಿ’, ‘ಕಳಿಸಿಕೊಡಿ’, ‘ಕಳಿಸಿಕೊಡಬೇಕು’ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಆ ‘ಕೊಡಿ’ ಎಂಬ ಸಣ್ಣ ಮಾತಿನಲ್ಲಿ ಎಷ್ಟು ನಯವಿದೆ! ನೀನು, ನೀವು, ತಾವು ಎಂಬ ಮೂರು ಹಂತ ಬೇರೆ. ಹಾಗಾಗಿ ಮಾತನಾಡುವಾಗ ನಾವು ‘ದಯವಿಟ್ಟು’ ಎಂದು ಹೇಳುವುದೇ ಅಪರೂಪ, ಅದರ ಅಗತ್ಯ ಬೀಳುವುದಿಲ್ಲ. ಉರ್ದು ಮಾತಾಡುವ ಮನೆಯಲ್ಲೂ ‘ಆಪ್’ ಇದೆ. ಇಷ್ಟೆಲ್ಲ ಇರುವ ಮನೆಯಿಂದ ಬಂದ ಹುಡುಗಿಗೆ ಇಂಗ್ಲಿಷಿನ ‘ಯೂ’ ಎದುರಾದಾಗ ಅದು ಬರಿದಾಗಿ ಕಾಣುತ್ತದೆ. ದೊಡ್ಡವರನ್ನು ಏಕವಚನದಲ್ಲಿ ಮಾತಾಡಿಸಿದ ಹಾಗಾಗುತ್ತದೆ. ಆ ಬರಿದನ್ನು ತುಂಬಲು ಅವಳು ‘ರೆಸ್ಪೆಕ್ಟೆಡ್ ಸರ್’ ಹಾಕುತ್ತಾಳೆ, ‘ಕೈಂಡ್ಲಿ’ ಹಾಕುತ್ತಾಳೆ, ‘ಹಂಬಲ್ ರಿಕ್ವೆಸ್ಟ್’, ‘ಯುವರ್ ಗುಡ್ ಸೆಲ್ಫ್’, ಸಾಲಿಗೊಂದು ‘ಸರ್’ ಹಾಕುತ್ತಾಳೆ. ಇದನ್ನು ಗುಲಾಮಿ ಮನಸ್ಸು ಎಂದು ಬೈಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ‘ತಾವು’ ಎಂಬುದರಲ್ಲಿದ್ದ ಗೌರವಕ್ಕೆ ಇಂಗ್ಲಿಷಿನಲ್ಲಿ ಜಾಗ ಸಿಗದೆ ಅವಳು ಒದ್ದಾಡುತ್ತಿದ್ದಾಳೆ.

ಇಂಗ್ಲಿಷಿನಲ್ಲೂ ಆ ಗೌರವಕ್ಕೆ ಜಾಗವಿದೆ, ಬೇರೆ ಕಡೆ ಇದೆ ಅಷ್ಟೇ. ಅಪ್ಪಣೆಯನ್ನು ಪ್ರಶ್ನೆಯಾಗಿ ಕೇಳುವುದರಲ್ಲಿ ಅದು ಕೂತಿದೆ. ‘ಕುಡ್ ಯೂ ಸೆಂಡ್ ಮೀ ದ ಬಿಲ್ ಬೈ ಫ್ರೈಡೇ?’ ಎಂದರೆ ನಮ್ಮ ‘ಶುಕ್ರವಾರದೊಳಗೆ ಬಿಲ್ ಕಳಿಸಿಕೊಡ್ತೀರಾ?’ ಎಂಬಷ್ಟೇ ನಯ. ‘ಸೆಂಡ್ ಮೀ ದ ಬಿಲ್, ಪ್ಲೀಸ್’ ಎಂದರೆ ಪ್ಲೀಸ್ ಇದ್ದರೂ ಅದು ಅಪ್ಪಣೆಯೇ. ಇದೊಂದನ್ನು ಕಲಿತರೆ ‘ಕೈಂಡ್ಲಿ’ಯ ಹಂಗು ತಾನಾಗಿ ತಪ್ಪುತ್ತದೆ.

‘ಡು ದ ನೀಡ್‌ಫುಲ್’ ಬಗ್ಗೆ ಬಹಳ ಜನ ನಗುತ್ತಾರೆ. ಅದು ನಾವು ಹುಟ್ಟಿಸಿದ್ದಲ್ಲ. ಇಂಗ್ಲಿಷರ ಕಚೇರಿ ಪತ್ರಗಳಲ್ಲೇ ಇದ್ದ ಮಾತು. ಅವರು ಬಿಟ್ಟರು, ನಾವು ಇಟ್ಟುಕೊಂಡೆವು, ನಮ್ಮ ಸರ್ಕಾರಿ ಕನ್ನಡದ ‘ಅಗತ್ಯ ಕ್ರಮ ಕೈಗೊಳ್ಳಬೇಕಾಗಿ ಕೋರಿಕೆ’ಗೆ ಅದು ಸರಿಹೊಂದಿತು. ಅದರ ತೊಂದರೆ ಹಳತು ಎಂಬುದಲ್ಲ. ಏನು ಮಾಡಬೇಕೆಂದು ಅದು ಹೇಳುವುದೇ ಇಲ್ಲ. ಓದಿದವರು ಅಂಕಪಟ್ಟಿ ನೋಡಬೇಕೋ, ಸಂದರ್ಶನಕ್ಕೆ ಕರೆಯಬೇಕೋ, ಇನ್ನೊಬ್ಬರಿಗೆ ಕಳಿಸಬೇಕೋ? ಬೇಕಾದ ಕೆಲಸವನ್ನು ಹೆಸರಿಟ್ಟು ಕೇಳಬೇಕು. ಗೊತ್ತುಮಾಡಿದ ದಿನಕ್ಕಿಂತ ಮೊದಲೇ ಇಟ್ಟುಕೊಳ್ಳುವುದು ಎಂಬರ್ಥದ ‘ಪ್ರೀಪೋನ್’ ವಿಷಯ ಬೇರೆ. ಅದು ನಮ್ಮ ದೇಶದಲ್ಲಿ ಬೆಳೆದ, ಅರ್ಥ ಸ್ಪಷ್ಟವಾಗಿರುವ, ಕೆಲಸಕ್ಕೆ ಬರುವ ಪದ. ಆಕ್ಸ್‌ಫರ್ಡ್ ನಿಘಂಟಿನಲ್ಲೂ ಸೇರಿದೆ. ಅದನ್ನು ಬಳಸಲು ಯಾರೂ ನಾಚಬೇಕಿಲ್ಲ.

ಮೇಲ್‌ನ ಆಕಾರದ ವಿಷಯದಲ್ಲಿ ನಮ್ಮ ಹಳೆಯ ಅರ್ಜಿಯಿಂದ ಕಲಿಯುವುದೂ ಇದೆ, ಬಿಡುವುದೂ ಇದೆ. ‘ವಿಷಯ: ಮೂರು ದಿನಗಳ ರಜೆ ಕೋರಿ’ ಎಂದು ಐದನೇ ಕ್ಲಾಸಿನ ಮಗುವೂ ಅರ್ಜಿಯ ತಲೆಯಲ್ಲಿ ಬರೆಯುತ್ತದೆ. ಎಷ್ಟು ಚೊಕ್ಕವಾದ ಸಾಲು! ಅದೇ ಮಗು ದೊಡ್ಡದಾಗಿ ಮೇಲ್ ಬರೆಯುವಾಗ ಸಬ್ಜೆಕ್ಟ್ ಜಾಗ ಖಾಲಿ ಬಿಡುತ್ತದೆ, ಇಲ್ಲವೇ ಬರೀ ‘ರೆಸ್ಯೂಮೆ’ ಎಂದು ಹಾಕುತ್ತದೆ. ದಿನಕ್ಕೆ ನೂರಾರು ರೆಸ್ಯೂಮೆ ಬರುವ ಕಡೆ ಅದನ್ನು ಯಾರು ಗುರುತಿಸುತ್ತಾರೆ? ಬಿಡಬೇಕಾದದ್ದು ಆಮೇಲಿನ ಸಾಲು: ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’. ಮೊಬೈಲಿನಲ್ಲಿ ಮೇಲ್‌ಗಳ ಪಟ್ಟಿ ನೋಡುವವರಿಗೆ ಮೊದಲ ಕೆಲವು ಪದ ಮಾತ್ರ ಕಾಣುತ್ತವೆ. ಅಲ್ಲಿ ಇಂಥ ಪೀಠಿಕೆ ಇದ್ದರೆ ವಿಷಯ ಅವರ ಕಣ್ಣಿಗೆ ಬೀಳುವುದೇ ಇಲ್ಲ. ‘ಸಿಸಿ’ ಎಂಬುದು ಕಾರ್ಬನ್ ಕಾಪಿ. ಟೈಪಿಂಗ್ ಕಾಲದಲ್ಲಿ ಕಾರ್ಬನ್ ಹಾಳೆ ಇಟ್ಟು ತೆಗೆದ ಪ್ರತಿ, ನಮ್ಮ ಸರ್ಕಾರಿ ಪತ್ರಗಳ ಕೊನೆಯ ‘ಪ್ರತಿ: ಮಾಹಿತಿಗಾಗಿ’. ಮಾಹಿತಿ ಬೇಕಾದವರನ್ನು ಅಲ್ಲಿ ಹಾಕಿ, ಕೆಲಸ ಮಾಡಬೇಕಾದವರನ್ನು ‘ಟು’ನಲ್ಲಿ ಹಾಕಿ.

ಮೊದಲು ಕೊಟ್ಟ ಮೇಲ್ ಈಗ ಹೀಗಾಗಬಹುದು. ಸಬ್ಜೆಕ್ಟ್: ‘ಅಪ್ಲಿಕೇಶನ್ ಫಾರ್ ಅಕೌಂಟ್ಸ್ ಅಸಿಸ್ಟೆಂಟ್’, ಅದರ ಮುಂದೆ ತಮ್ಮ ಹೆಸರು. ಆಮೇಲೆ: “ಡಿಯರ್ ಸರ್ ಆರ್ ಮೇಡಮ್, ಐ ಆ್ಯಮ್ ಅಪ್ಲೈಯಿಂಗ್ ಫಾರ್ ದ ಪೋಸ್ಟ್ ಆಫ್ ಅಕೌಂಟ್ಸ್ ಅಸಿಸ್ಟೆಂಟ್. ಐ ಕಂಪ್ಲೀಟೆಡ್ ಮೈ ಬಿ.ಕಾಂ. ಇನ್ 2023 ಆ್ಯಂಡ್ ಹ್ಯಾವ್ ವರ್ಕ್ಡ್ ವಿತ್ ಟ್ಯಾಲಿ ಫಾರ್ ಟೂ ಇಯರ್ಸ್. ಮೈ ರೆಸ್ಯೂಮೆ ಈಸ್ ಅಟ್ಯಾಚ್ಡ್. ಐ ಕ್ಯಾನ್ ಕಮ್ ಫಾರ್ ಆ್ಯನ್ ಇಂಟರ್‌ವ್ಯೂ ಎನಿ ಡೇ ನೆಕ್ಸ್ಟ್ ವೀಕ್.” ಕೆಳಗೆ ಹೆಸರು, ಫೋನ್ ನಂಬರ್. ಇದರಲ್ಲಿ ಕಷ್ಟದ ಪದ ಒಂದೂ ಇಲ್ಲ. ಕಳಿಸುವ ಮೊದಲು ರೆಸ್ಯೂಮೆ ನಿಜವಾಗಿ ಲಗತ್ತಾಗಿದೆಯೇ ಎಂದು ನೋಡಿ. ಆಮೇಲೆ ಒಮ್ಮೆ ಬಾಯಿಬಿಟ್ಟು ಓದಿ. ಕಣ್ಣು ದಾಟಿಹೋದ ತಪ್ಪನ್ನು ಕಿವಿ ಹಿಡಿಯುತ್ತದೆ.

ಈಗ ಫೋನಿನಲ್ಲೇ ಮೇಲ್ ಬರೆದುಕೊಡುವ ಎಐ ಇದೆಯಲ್ಲ ಎನ್ನಬಹುದು. ಅದರಿಂದ ವ್ಯಾಕರಣ ಸರಿಯಾಗುತ್ತದೆ, ನಿಜ. ಆದರೆ ಬಿ.ಕಾಂ. ಮುಗಿಸಿದ ಇಪ್ಪತ್ತೆರಡರ ಹುಡುಗ ಬಳಸದ ಭಾರದ ಪದಗಳು ಅದರಲ್ಲಿ ತುಂಬಿಕೊಳ್ಳುತ್ತವೆ, ಸಂದರ್ಶನಕ್ಕೆ ಕೂತಾಗ ಮೇಲ್‌ನ ಇಂಗ್ಲಿಷೇ ಬೇರೆ, ಬಾಯಿಯ ಇಂಗ್ಲಿಷೇ ಬೇರೆ ಆಗುತ್ತದೆ. ತಾನು ಬರೆದದ್ದನ್ನು ಅದಕ್ಕೆ ತೋರಿಸಿ, ತಪ್ಪು ಯಾಕಾಯಿತು ಎಂದು ಕೇಳುವುದು ಒಳ್ಳೆಯ ಬಳಕೆ. ಕನ್ನಡದಲ್ಲೇ ಕೇಳಬಹುದು.

ಎರಡು ಭಾಷೆಯನ್ನು ಪಕ್ಕದಲ್ಲಿಟ್ಟು ನೋಡುವುದು ಮೈಸೂರಿಗೆ ಹೊಸದೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಇಲ್ಲಿ ಇಂಗ್ಲಿಷ್ ಕಲಿಸುವ ರಾಜಾ ಫ್ರೀ ಸ್ಕೂಲ್ ತೆರೆದರು. ಮುಂದೆ ಅದೇ ಮಹಾರಾಜ ಕಾಲೇಜಾಯಿತು. ಆ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರೇ ‘ಇಂಗ್ಲಿಷ್ ಗೀತಗಳು’ ಬರೆದು ಹೊಸಗನ್ನಡ ಕಾವ್ಯಕ್ಕೆ ದಾರಿ ಮಾಡಿದವರು. ಕನ್ನಡದ ಲೇಖಕರಾದ ಎ.ಎನ್. ಮೂರ್ತಿರಾಯರು, ಯು.ಆರ್. ಅನಂತಮೂರ್ತಿ ಕೂಡ ಇಂಗ್ಲಿಷ್ ಮೇಷ್ಟ್ರುಗಳು. ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ 1969ರಲ್ಲಿ ಶುರುವಾದದ್ದೂ ಮೈಸೂರಿನಲ್ಲೇ. ಇಂಥ ಊರಿನಲ್ಲೂ ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಆಡಿದರೆ ದಂಡ ಹಾಕುವ ಶಾಲೆಗಳಿವೆ ಎಂಬುದು ನೋವಿನ ಮಾತು. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಕಲಿಸಲು ಶುರುವಾದದ್ದು 2007–08ರಲ್ಲಿ. ಆ ಮೊದಲ ತಂಡದ ಮಕ್ಕಳು 2017ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಈಗ ಕೆಲಸದ ಮಾರುಕಟ್ಟೆಯಲ್ಲಿದ್ದಾರೆ. ಹತ್ತು ವರ್ಷ ಇಂಗ್ಲಿಷ್ ಓದಿಯೂ ನಾಲ್ಕು ಸಾಲಿನ ಮೇಲ್‌ಗೆ ಅವರು ತಡಕಾಡುತ್ತಿದ್ದರೆ, ವರ್ಷಗಳು ಸಾಲದೆ ಹೋದವು ಎನ್ನುವ ಹಾಗಿಲ್ಲ, ಕಲಿಸುವ ರೀತಿಯನ್ನೇ ನೋಡಬೇಕು.

ಇನ್ನೊಂದು ಮಾತನ್ನು ಓದುಗರಿಗೆ ಒತ್ತಿ ಹೇಳಬೇಕು. ಎಲ್ಲ ಮೇಲ್ ಇಂಗ್ಲಿಷಿನಲ್ಲೇ ಇರಬೇಕಾಗಿಲ್ಲ. 1963ರ ರಾಜಭಾಷಾ ಅಧಿನಿಯಮದ ಪ್ರಕಾರ ಈ ರಾಜ್ಯದ ಆಡಳಿತ ಭಾಷೆ ಕನ್ನಡ. ರಾಜೀವನಗರದ ಬೀದಿ ದೀಪ ಕೆಟ್ಟಿದ್ದಕ್ಕೆ ಪಾಲಿಕೆಗೆ, ಕರೆಂಟಿನ ದೂರಿಗೆ ಸೆಸ್ಕ್‌ಗೆ, ನೀರು ಬಾರದ್ದಕ್ಕೆ ವಾಣಿವಿಲಾಸ ನೀರು ಸರಬರಾಜು ಕಚೇರಿಗೆ ಕನ್ನಡದಲ್ಲೇ ಮೇಲ್ ಹಾಕಿ. ಫೋನಿನಲ್ಲಿ ಕನ್ನಡ ಟೈಪ್ ಮಾಡುವುದು ಈಗ ಸುಲಭ. ಬಾರದ ಇಂಗ್ಲಿಷಿನಲ್ಲಿ ಒದ್ದಾಡಿ ಬರೆದ ದೂರಿಗಿಂತ, ಬೀದಿಯ ಹೆಸರು, ಕಂಬದ ನಂಬರ್, ಎಷ್ಟು ದಿನದಿಂದ ಕತ್ತಲೆ ಎಂದು ನೇರವಾಗಿ ಹೇಳುವ ಕನ್ನಡದ ದೂರು ಬೇಗ ಕೆಲಸ ಮಾಡಿಸುತ್ತದೆ.

ಹೆಬ್ಬಾಳ, ಹೂಟಗಳ್ಳಿಯ ಕಂಪನಿಗಳಲ್ಲಿ ಅರ್ಜಿ ಆರಿಸುವವರಲ್ಲಿ ನನ್ನದೊಂದು ಮನವಿ. ಒಂದು ‘ದ’ ಬಿಟ್ಟುಹೋಗಿದೆ ಎಂದೋ, ‘ಮೈಸೆಲ್ಫ್’ ಎಂದು ಶುರುವಾಗಿದೆ ಎಂದೋ ಮೇಲ್ ಮುಚ್ಚಬೇಡಿ. ಅದನ್ನು ಬರೆದವರು ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು, ಕಾಲೇಜಿನಲ್ಲಿ ಒಂದು ಭಾಷೆ ಬಳಸಿ ದಿನ ಕಳೆಯುವವರು. ಟ್ಯಾಲಿ ಗೊತ್ತೇ, ಲೆಕ್ಕ ಬರುತ್ತದೆಯೇ ಎಂದು ನೋಡಿ, ಕರೆದು ಮಾತನಾಡಿಸಿ. ‘ಸಿನ್ಸ್’ ಮತ್ತು ‘ಫಾರ್’ ನಡುವಿನ ವ್ಯತ್ಯಾಸವನ್ನು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕಲಿಸಬಹುದು.